ಗೋಡೆಗೆ ಮುಖಮಾಡಿ ನಿಂತ ಮಾಸ್ತರರು

ಮಾಸ್ತರರು ಹೋದ ಸುದ್ದಿ ರಾಮದುರ್ಗದಿಂದ ಒಂದು ಕಾರ್ಡಿನಲ್ಲಿ ಬಂತು. ಮೂಲೆ ಹರಿದ ಕಾರ್ಡು. ಓದುವ ಮೊದಲೇ ಸಾವಿನದೆಂದು ತಿಳಿಯುತ್ತದೆ. ಬರೆದವನು ಅವರ ಅಳಿಯ. ಮೂರೇ ಸಾಲು: ಜ್ವರ ಬಂದಿತ್ತು, ಎಂಟು ದಿನ ಮಲಗಿದ್ದರು, ಹನ್ನೆರಡನೆಯ ದಿನದ ಊಟಕ್ಕೆ ಬರಬೇಕು. ಕಾರ್ಡು ನನ್ನ ಕೈ ಸೇರುವಷ್ಟರಲ್ಲಿ ಹನ್ನೆರಡನೆಯ ದಿನ ಕಳೆದುಹೋಗಿತ್ತು.

ಅವರ ಬಗ್ಗೆ ನಾನು ಹಲವರ ಮುಂದೆ ಹೇಳಿದ್ದೇನೆ. ಧಾರವಾಡದಲ್ಲಿ ಕಾಲೇಜು ಓದುವಾಗ ಹಾಸ್ಟೆಲ್ಲಿನ ಗೆಳೆಯರ ಮುಂದೆ, ಈಗ ಕಚೇರಿಯಲ್ಲಿ ಜೊತೆಗೆ ಕೂತು ಚಹಾ ಕುಡಿಯುವವರ ಮುಂದೆ. ಹೇಳಿ ಹೇಳಿ ಕತೆ ನುಣುಪಾಗಿದೆ. ನುಣುಪಾದ ಕತೆ ಎಂದರೆ ನನಗೆ ಗುಮಾನಿ. ಅದಕ್ಕೇ ನಾನು ಅವರ ಜೊತೆಗಿದ್ದ ವರ್ಷದ ಡೈರಿಯನ್ನು ಟ್ರಂಕಿನಿಂದ ತೆಗೆದು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯನ್ನೂ ಪೂರ್ತಿ ನಂಬುವಂತಿಲ್ಲ. ಅದನ್ನು ಬರೆದಾಗ ನನಗೆ ಹತ್ತೊಂಬತ್ತು ವರ್ಷ, ಮತ್ತು ಆ ವಯಸ್ಸಿನಲ್ಲಿ ಡೈರಿಯ ಮುಂದೆಯೂ ಒಳ್ಳೆಯವನಾಗಿ ಕಾಣಬೇಕೆಂಬ ಆಸೆ ಇರುತ್ತದೆ.

ಹೆಸರು ಬರೆಯುವುದಿಲ್ಲ. ಅವರದೂ ಬರೆಯುವುದಿಲ್ಲ, ಊರಿನದೂ ಬರೆಯುವುದಿಲ್ಲ. ಉಗರಗೋಳದಿಂದ ಮುನವಳ್ಳಿಯ ಕಡೆಗೆ ಹೋಗುವ ಗಾಡಿದಾರಿಯ ಮೇಲಿನ ಒಂದು ಊರು ಎಂದರೆ ಸಾಕು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಹುಣ್ಣಿಮೆಗೆ ಹುಣ್ಣಿಮೆಗೆ ಆ ಊರಲ್ಲಿ ಎತ್ತಿನ ಕೊರಳು ಬಿಚ್ಚಿ, ನೀರು ಕುಡಿದು, ರೊಟ್ಟಿ ತಿಂದು ಮುಂದೆ ಹೋಗುತ್ತಿದ್ದರು.

ನಾನು ಮ್ಯಾಟ್ರಿಕ್ ಮುಗಿಸಿ, ಮುಂದೆ ಓದುವ ಅನುಕೂಲ ಆಗುವ ತನಕ ಎಂದು ಅಲ್ಲಿಯ ಕನ್ನಡ ಸಾಲಿಗೆ ಸಹಾಯಕ ಮಾಸ್ತರನಾಗಿ ಹೋದೆ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಸಾಲಿ ಇದ್ದದ್ದು ಒಂದು ಮಠದ ಪಡಸಾಲೆಯಲ್ಲಿ. ನಾಲ್ಕು ಇಯತ್ತೆಗೆ ಇಬ್ಬರು ಮಾಸ್ತರರು, ಅವರು ಮತ್ತು ನಾನು. ಅವರು ಆಗಲೇ ನಲವತ್ತೈದು ದಾಟಿದ್ದರು. ಬೈಲಹೊಂಗಲ ತಾಲೂಕಿನಲ್ಲಿ, ಕಿತ್ತೂರಿನಲ್ಲಿ, ಸಂಗೊಳ್ಳಿಯ ಆಚೀಚೆ ವರ್ಷಗಟ್ಟಲೆ ಕಲಿಸಿ ಬಂದಿದ್ದರು. ಉದ್ದ ಮೂಗು, ಕಿವಿಯ ಮೇಲೆ ಕೂದಲು, ಮೊಣಕಾಲು ದಾಟದ ಧೋತರ, ಅದರ ಒಂದು ಕಡೆ ಯಾವಾಗಲೂ ಸುಣ್ಣದ ಬಳಪದ ಐದು ಬೆರಳಿನ ಗುರುತು. ಮನೆತನ ಪುರೋಹಿತರದು. ತಂದೆ ಇವರಿಗೆ ಎಂಟು ವರ್ಷವಾಗುವ ಮೊದಲೇ ಅರ್ಥ ಹೇಳದೆ ಎಷ್ಟೋ ಮಂತ್ರ ಬಾಯಿಪಾಠ ಮಾಡಿಸಿದ್ದರಂತೆ. "ನಮ್ಮ ಮನಿತನದಾಗ ಬಾಯಿ ದೊಡ್ಡದು, ಕಣ್ಣು ಸಣ್ಣದು," ಎನ್ನುತ್ತಿದ್ದರು.

ಅವರ ಪದ್ಧತಿ ಒಂದಿತ್ತು. ಪ್ರಶ್ನೆ ಕೇಳಿದ ಕೂಡಲೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಮಕ್ಕಳಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲ ದಿನ ನಾನು ಇದೇನು ವಿಚಿತ್ರವೆಂದು ನೋಡುತ್ತಿದ್ದಾಗ ಅವರೇ ಹೇಳಿದರು: "ಹುಡುಗೂರು ಭಾಳ ಶಾಣ್ಯಾ ಇರತಾವ ತಮ್ಮಾ. ಉತ್ತರ ನಮ್ಮ ಮಾರಿಮ್ಯಾಲೆ ಓದತಾವ. ನಾ ಹುಬ್ಬು ಏರಿಸಿದ್ರ ತಪ್ಪಂತ ತಿಳದು ಬದಲಾಯಿಸತಾವ. ಬೆನ್ನಿನ ಮ್ಯಾಲೆ ಏನೂ ಬರಕೊಂಡಿರೂದಿಲ್ಲ ನೋಡು." ಹಾಗಾಗಿ ಅವರ ಮಕ್ಕಳು ಅವರ ಬೆನ್ನಿಗೆ ಉತ್ತರ ಹೇಳಿ ಬೆಳೆದವರು.

ಎರಡನೆಯದು, ಪುಸ್ತಕ. ಮೂರನೆಯ, ನಾಲ್ಕನೆಯ ಇಯತ್ತೆಯ ಮಕ್ಕಳು ಪುಸ್ತಕ ಓದುವುದಷ್ಟೇ ಅಲ್ಲ, ಮಾಡಬೇಕು ಎಂಬುದು ಅವರ ಹಟ. ಯಾವುದೋ ಒಂದು ಸಂಗತಿ ಹೇಗೆ ಆಗುತ್ತದೆ, ಯಾಕೆ ಆಗುತ್ತದೆ ಎಂಬುದನ್ನು ಹೋಗಿ ನೋಡಬೇಕು. ಬಂದು ಬರೆಯಬೇಕು, ಪ್ರತಿ ಪುಟಕ್ಕೂ ಚಿತ್ರ ತೆಗೆಯಬೇಕು. ಚಿತ್ರದ ಕೆಳಗೆ ಯಾರು ಕಂಡದ್ದು, ಎಲ್ಲಿ ಕಂಡದ್ದು ಎಂದು ಒಂದು ಸಾಲು. ಕಾಣದೆ ಓದಿ ತಿಳಿದದ್ದಿದ್ದರೆ 'ಕಂಡಿಲ್ಲ, ಓದಿದ್ದು' ಎಂದು ಪ್ರಾಮಾಣಿಕವಾಗಿ ಹಾಕಬೇಕು. ಬಣ್ಣಕ್ಕೆ ಅರಿಶಿಣ, ಇಟ್ಟಂಗಿಯ ಪುಡಿ, ಬಟ್ಟೆಗೆ ಹಾಕುವ ನೀಲಿ. ರಟ್ಟಿಗೆ ಸಕ್ಕರೆ ಪೊಟ್ಟಣದ ದಪ್ಪ ಕಾಗದ. ಹೊಲಿಗೆ ಹಾಕಿ ಆದಮೇಲೆ ಮಕ್ಕಳೇ ಕೂತು ನಾಲ್ಕೈದು ಪ್ರತಿ ನಕಲು ಮಾಡುತ್ತಿದ್ದರು. ಒಂದು ಚಾವಡಿಗೆ, ಒಂದು ಹಿಟ್ಟಿನ ಗಿರಣಿಗೆ, ಒಂದು ಕ್ಷೌರಿಕನ ಕಟ್ಟೆಗೆ. "ಹೊಲದಿಟ್ರ ಪುಸ್ತಕ ಆಗೂದಿಲ್ಲ. ಮಂದಿ ಕೈಯಾಗ ಹೊಲಸಾದ ಮ್ಯಾಲೆ ಪುಸ್ತಕ," ಎನ್ನುತ್ತಿದ್ದರು.

ಅಷ್ಟಾದ ಮೇಲೆ ಓದುವ ದಿನ. ಊರ ಕಟ್ಟೆಯ ಮೇಲೆ ಮಕ್ಕಳು ನಿಂತು ತಮ್ಮ ಪುಟ ಓದುವುದು, ಕೇಳಿದವರು 'ಯಾಕ?' ಎಂದು ಪ್ರಶ್ನೆ ಹಾಕುವುದು. ಮಗು ಉತ್ತರ ಹೇಳುವುದು. ಗೊತ್ತಿಲ್ಲದಿದ್ದರೆ ಹೇಳಬೇಕಾದ ಮಾತನ್ನೂ ಕಲಿಸಿದ್ದರು: "ಗೊತ್ತಿಲ್ಲರಿ. ನೋಡಿ ಹೇಳತೇನಿ." ಸ್ವತಃ ಅವರೂ ಅದನ್ನೇ ಹೇಳುತ್ತಿದ್ದರು, ನಾಚಿಕೆಯಿಲ್ಲದೆ, ಮತ್ತು ಎರಡು ದಿನ ಬಿಟ್ಟು ನಿಜವಾಗಿಯೂ ನೋಡಿ ಬಂದು ಹೇಳುತ್ತಿದ್ದರು.

ಮೊದಲ ಪುಸ್ತಕ, ಜೋಳದ ರೊಟ್ಟಿ ಯಾಕೆ ಉಬ್ಬುತ್ತದೆ ಎಂಬುದು. ತಮ್ಮ ಮನೆಯಲ್ಲಿ ಉಬ್ಬುವುದೇ ಇಲ್ಲ ಎಂದು ಒಬ್ಬಳು ಅಳುಮೋರೆ ಮಾಡಿದಾಗ ಅದನ್ನೂ ಬರೆಸಿದರು, ಉಬ್ಬದಿರುವುದಕ್ಕೂ ಕಾರಣ ಇರುತ್ತದೆಂದು. ಎರಡನೆಯದು, ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸುವುದು. ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗಲೇ ಗಾಲಿಗೆ ಬಡಿದು ಕೂಡಿಸಿ ನೀರು ಹಾಕಬೇಕು. ಒಂಬತ್ತು ಪುಟ ಬರೆದಿದ್ದರು ಮಕ್ಕಳು. ಊರ ಕಂಬಾರ ಮುಂದೆ ಕೂತು ಪೂರ್ತಿ ಕೇಳಿದ. ಕೊನೆಗೆ, "ಎಲ್ಲಾ ಖರೇ ಐತ್ರಿ ಮಾಸ್ತರ. ಆದ್ರ ಇಷ್ಟ ಸಾವಕಾಶ ಮಾಡಿದ್ರ ಹಳಿ ಆರತೈತಿ," ಎಂದ. ಇಡೀ ಕಟ್ಟೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರು.

ಆ ನಗೆಯ ದಿನಗಳನ್ನು ಇನ್ನೂ ಸ್ವಲ್ಪ ಬರೆಯುತ್ತ ಹೋಗಬೇಕೆನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೇ ನಿಲ್ಲಿಸುತ್ತೇನೆ.

ಊರಲ್ಲಿ ಕುಡಿಯುವ ನೀರಿಗೆ ಒಂದೇ ಬಾವಿ, ಪಾವಟಿಗೆಯದು. ಇಪ್ಪತ್ತು ಮೆಟ್ಟಿಲು ಇಳಿದು, ಮೊಣಕಾಲ ತನಕ ನೀರಲ್ಲಿ ನಿಂತು ಕೊಡ ಮುಳುಗಿಸಬೇಕು. ಬೇಸಿಗೆ ಬಂತೆಂದರೆ ಆ ಊರಲ್ಲಿ ನಾರುಹುಣ್ಣು. ಕಾಲಿನಲ್ಲಿ ಬೊಬ್ಬೆ ಏಳುತ್ತದೆ, ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿಯ ನೂಲಿನಂಥ ಹುಳ ತಲೆ ಹೊರಗಿಡುತ್ತದೆ. ಅದನ್ನು ಒಂದು ಕಡ್ಡಿಗೆ ದಿನಕ್ಕೊಂದು ಸುತ್ತು ಸುತ್ತುತ್ತ ವಾರಗಟ್ಟಲೆ ಕೂರಬೇಕು. ಅವಸರ ಮಾಡಿ ಎಳೆದರೆ ಹರಿಯುತ್ತದೆ, ಕಾಲು ಬಾತು ಮರದ ಕೊರಡಾಗುತ್ತದೆ. ಮಾರ್ಚ್ ತಿಂಗಳಲ್ಲಿ ಊರ ಕಟ್ಟೆಗಳ ಮೇಲೆ ಗಂಡಸರು ಕಾಲಿಗೆ ಕಡ್ಡಿ ಕಟ್ಟಿಕೊಂಡು ಕೂತಿರುವುದು ಯಾರಿಗೂ ವಿಶೇಷವಲ್ಲ. ಅದು ದೇವಿಯ ಕಾಟ ಎನ್ನುವವರಿದ್ದರು, ಹೊಲದ ಉಷ್ಣ ಎನ್ನುವವರಿದ್ದರು.

ಹರಿಜನ ಕೇರಿಯ ಒಬ್ಬ ಹುಡುಗ ಒಂದು ದಿನ ಕೇಳಿದ, ತಮ್ಮ ಓಣಿಯಲ್ಲಿ ನಾರು ಯಾರಿಗೂ ಆಗುವುದಿಲ್ಲ, ಅದು ಯಾಕೆ ಎಂದು. ಮಾಸ್ತರರು ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದರು. ನೋಡಿ ಬಂದರು. ಊರ ಬಾವಿಗೆ ಆ ಕೇರಿಯವರನ್ನು ಬಿಡುತ್ತಿರಲಿಲ್ಲ. ಅವರದು ಊರಾಚೆಯ ಸಣ್ಣ ಬಾವಿ, ಮೆಟ್ಟಿಲಿಲ್ಲದ್ದು, ಹಗ್ಗ ಬಿಟ್ಟು ಸೇದುವಂಥದ್ದು. ಆ ನೀರಿಗೆ ಯಾರ ಕಾಲೂ ಬೀಳುತ್ತಿರಲಿಲ್ಲ. ಮಾಸ್ತರರು ಸವದತ್ತಿಗೆ ಹೋಗಿ ಆರೋಗ್ಯ ಖಾತೆಯವರ ಒಂದು ಹಸ್ತಪತ್ರ ತಂದರು, ಒಂದು ಭೂತಗನ್ನಡಿ ಎರವಲು ತಂದರು. ಗಾಜಿನ ಲೋಟದಲ್ಲಿ ಊರ ಬಾವಿಯ ನೀರು ಹಾಕಿ ಬೆಳಕಿಗೆ ಹಿಡಿದಾಗ ಸಣ್ಣ ಸಣ್ಣ ಚುಕ್ಕಿಗಳು ಜಿಗಿಯುತ್ತಿದ್ದವು. ಹುಣ್ಣಿದ್ದ ಕಾಲು ನೀರಿಗೆ ಇಳಿದರೆ ಹುಳ ಮರಿ ಬಿಡುತ್ತದೆ. ಆ ಮರಿಯನ್ನು ಈ ಚುಕ್ಕಿ ನುಂಗುತ್ತದೆ. ಚುಕ್ಕಿಯನ್ನು ನಾವು ಕುಡಿಯುತ್ತೇವೆ. ವರ್ಷ ತುಂಬುವ ಹೊತ್ತಿಗೆ ಅದು ನಮ್ಮ ಕಾಲಿನಿಂದ ಹೊರಗೆ ಬರುತ್ತದೆ. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಬಿಟ್ಟು ಸೇದಲು ಗಡಗಡಿ ಹಾಕಿದರೆ ಮುಗಿಯಿತು.

ಅದು ತಿಳಿದ ದಿನ ಅವರ ಕಾಲು ನೆಲದ ಮೇಲಿರಲಿಲ್ಲ. ಡೈರಿಯಲ್ಲಿ ಬರೆದಿದ್ದೇನೆ: 'ಮಾಸ್ತರರು ಇವತ್ತು ಊಟ ಮರೆತರು.' ಮೂರನೆಯ ಪುಸ್ತಕ ಇದೇ ಎಂದು ಆಯಿತು.

ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಚಿತ್ರದಲ್ಲಿ ಅವಳ ಕೈ ಎಲ್ಲರಿಗಿಂತ ಮೇಲು. ಅಪ್ಪ ಇಲ್ಲ. ಅವ್ವ ಮನೆ ಮನೆಗೆ ನೀರು ಹೊರುವವಳು. ದೊಡ್ಡ ಮನೆಗಳ ನೀರೆಲ್ಲ ಅವಳ ತಲೆಯ ಮೇಲೆಯೇ ಹೋಗಬೇಕು. ಆ ವರ್ಷ ಅವಳ ಕಾಲಿಗೂ ನಾರು ಆಗಿತ್ತು. ಕೂತರೆ ಹೊಟ್ಟೆಗಿಲ್ಲ, ಆದ್ದರಿಂದ ಎಕ್ಕೆಯ ಎಲೆ ಕಟ್ಟಿಕೊಂಡೇ ನೀರು ಹೊರುತ್ತಿದ್ದಳು. ಮಗಳಿಗೆ ಸಿಕ್ಕ ಪುಟ, ಹುಣ್ಣಿನ ಕಾಲು ನೀರಿಗೆ ಇಳಿಯುವುದು. ಅವಳು ಬರೆದದ್ದು ನನಗೆ ಈಗಲೂ ಬಾಯಲ್ಲಿದೆ: 'ನಾರು ಆದವರ ಕಾಲು ಉರಿಯುತ್ತದೆ. ನೀರಿನಲ್ಲಿ ಇಟ್ಟರೆ ತಂಪಾಗುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಇಡುತ್ತಾರೆ. ಆಗ ಮರಿಗಳು ನೀರಿಗೆ ಬೀಳುತ್ತವೆ.' ಕೆಳಗೆ, 'ಕಂಡದ್ದು: ಊರ ಬಾವಿ, ನೀರಿನ ಮೂರನೇ ಪಾವಟಿಗಿ. ಮರಿಗಳನ್ನು ಕಂಡಿಲ್ಲ, ಓದಿದ್ದು.' 'ಅದಕ್ಕೆ ಸ್ವಲ್ಪ ಹೊತ್ತು ಇಡುತ್ತಾರೆ' ಎಂಬ ಸಾಲನ್ನು ಮಾಸ್ತರರು ಎರಡು ಸಲ ಗಟ್ಟಿಯಾಗಿ ಓದಿದರು. ಹಸ್ತಪತ್ರದಲ್ಲಿ ಆ ಸಾಲು ಇರಲಿಲ್ಲ. ಅದು ನೋಡಿದವರಿಗೆ ಮಾತ್ರ ಗೊತ್ತಾಗುವಂಥದ್ದು.

ಚಿತ್ರದಲ್ಲಿ ಇದ್ದದ್ದು ಒಂದು ಕಾಲು ಮಾತ್ರ, ಮೀನಖಂಡದಿಂದ ಕೆಳಗೆ. ಅವಳ ಅವ್ವನ ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು, ಹುಟ್ಟಿನಿಂದಲೇ ಇರಬೇಕು. ಅವಳು ನೀರು ಹಾಕಿ ಹೋದ ಪ್ರತಿ ಮನೆಯ ಹೊಸ್ತಿಲ ಕಲ್ಲಿನ ಮೇಲೆ ಬೆಳಗ್ಗೆ ಒದ್ದೆ ಹೆಜ್ಜೆ ಮೂಡಿರುತ್ತಿತ್ತು, ನಾಲ್ಕೇ ಬೆರಳಿನ ಹೆಜ್ಜೆ. ನಾನು ಬಾಡಿಗೆಗಿದ್ದ ಮನೆಯ ಹೊಸ್ತಿಲಲ್ಲಿ ಅದನ್ನು ದಿನಾ ದಾಟಿ ಸಾಲಿಗೆ ಹೋಗುತ್ತಿದ್ದೆ.

ಇನ್ನು ಈ ಒಂದು ಮಾತು. ಕಟ್ಟೆಯ ಮೇಲೆ ದೂರದವರಿಗೂ ಕಾಣಲೆಂದು ಮಕ್ಕಳ ಚಿತ್ರಗಳನ್ನು ದೊಡ್ಡ ಹಾಳೆಗೆ ಏರಿಸುವ ಕೆಲಸ ನನ್ನದು. ಇಷ್ಟು ವರ್ಷ ನಾನು ಎಲ್ಲರಿಗೂ ಹೇಳುತ್ತ ಬಂದದ್ದು ಹೀಗೆ: ಬೆರಳು ನೋಡಿ ನನಗೆ ಶಂಕೆ ಬಂತು, ಮಾಸ್ತರರಿಗೆ ಹೇಳಿದೆ, ಕಂಡಂತೆಯೇ ಇರಲಿ ಎಂದು ಅವರು ಹಟ ಹಿಡಿದರು. ಹೇಳುವಾಗ ಅವರ ದನಿಯನ್ನೂ ನಕಲು ಮಾಡಿ ತೋರಿಸುತ್ತಿದ್ದೆ. ಮೊನ್ನೆ ಡೈರಿ ತೆರೆದಾಗ ಆ ದಿನದ ಪುಟದಲ್ಲಿ ಇರುವುದು ಇಷ್ಟು: 'ಹುಡುಗಿಯ ಚಿತ್ರದಲ್ಲಿ ಬೆರಳುಗಳು ಅಸ್ಪಷ್ಟವಾಗಿದ್ದವು. ನಾನು ನೆನಪಿನಿಂದ ತಿದ್ದಿ ಸ್ಪಷ್ಟ ಮಾಡಿದೆ. ಛಲೋ ಬಂದಿದೆ.'

ಶಂಕೆಯ ಮಾತೇ ಇಲ್ಲ. ಮಾಸ್ತರರು ಆ ದೊಡ್ಡ ಹಾಳೆಯನ್ನು ನೋಡಿದ್ದರೋ ಇಲ್ಲವೋ ಅದೂ ಇಲ್ಲ.

ಓದುವ ದಿನ ಕಟ್ಟೆ ತುಂಬಿತ್ತು. ಊರ ಗೌಡರು ಬಂದಿದ್ದರು, ಹೆಂಗಸರು ಹಿಂದೆ ನಿಂತಿದ್ದರು. ಮೊದಲ ಪ್ರಶ್ನೆ ಕೇಳಿದ ಹರಿಜನ ಕೇರಿಯ ಹುಡುಗನನ್ನು ಕಟ್ಟೆ ಹತ್ತಿಸಲು ಮಾಸ್ತರರಿಗೆ ಧೈರ್ಯ ಸಾಲಲಿಲ್ಲ. ಅವನ ಪುಟವನ್ನು ಬೇರೊಬ್ಬನಿಂದ ಓದಿಸಿದರು, ಅವನು ಕೆಳಗೆ ನಿಂತು ತನ್ನ ಪುಟವನ್ನು ಕೇಳಿದ. ಆ ದಿನ ನಾವು ಮಾಡಿದ ದೊಡ್ಡ ತಪ್ಪು ಇದೇ ಎಂದು ಆ ಗಳಿಗೆಯಲ್ಲಿ ನಾನು ಅಂದುಕೊಂಡಿದ್ದೆ.

ಹುಡುಗಿಯ ಸರದಿ ಬಂತು. ಬಹಳ ಚೆನ್ನಾಗಿ ಓದಿದಳು. ನಾನು ಪಕ್ಕದಲ್ಲಿ ದೊಡ್ಡ ಹಾಳೆ ಹಿಡಿದು ನಿಂತಿದ್ದೆ. ಓದು ಮುಗಿಯುವ ಮೊದಲೇ ಹಿಂದಿನ ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಪ್ರಶ್ನೆ ಕೇಳಬಹುದು ಎಂದು ಹೇಳಿ ಮಾಸ್ತರರು ರೂಢಿಯಂತೆ ಕಟ್ಟೆಯ ಹಿಂದಿನ ಗುಡಿಯ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಮಕ್ಕಳಿಗೆ ಯಾಕೆ ಎಂಬುದಕ್ಕೆ ಉತ್ತರ ಹೇಳುವುದನ್ನು ಕಲಿಸಿದ್ದರು, ಹೇಗೆ ಎಂಬುದಕ್ಕೂ ಕಲಿಸಿದ್ದರು. ಗೌಡರು ಕೇಳಿದ್ದು ಅವೆರಡೂ ಅಲ್ಲ.

"ಚಿತ್ರ ಭಾಳ ಚೆಂದ ತಗದೀಯವಾ," ಎಂದರು ಅವರು, ನಿಜವಾಗಿಯೂ ಪ್ರೀತಿಯಿಂದ. "ಇದು ಯಾರ ಕಾಲು?"

ಹುಡುಗಿ ಮಾಸ್ತರರ ಬೆನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆನೋ, ಹ್ಞೂಂ ಹೇಳು ಎಂದು ಹುಬ್ಬು ಏರಿಸಿದೆನೋ, ಸುಮ್ಮನೆ ನಿಂತಿದ್ದೆನೋ, ಡೈರಿಯಲ್ಲಿ ಇಲ್ಲ. ನೆನಪಿನಲ್ಲಿ ಮೂರೂ ಇವೆ, ಬೇಕಾದಾಗ ಬೇಕಾದದ್ದು ಮುಂದೆ ಬರುತ್ತದೆ.

"ನಮ್ಮವ್ವನ ಕಾಲ್ರಿ," ಎಂದಳು. ಕಂಡದ್ದನ್ನು ಹೇಳಿದ ಹೆಮ್ಮೆ ಅವಳ ದನಿಯಲ್ಲಿತ್ತು.

ಮಾಸ್ತರರು ತಿರುಗಿದರು. ಅಷ್ಟರಲ್ಲಿ ಕೇಳುವವರೆಲ್ಲ ಕೇಳಿದ್ದರು.

ಮರುದಿನ ಬೆಳಗ್ಗೆ ನನ್ನ ಮನೆಯ ಹೊಸ್ತಿಲ ಮೇಲೆ ಒದ್ದೆ ಹೆಜ್ಜೆ ಇರಲಿಲ್ಲ. ಒಂದು ಮನೆಯವರು ಹುಡುಗಿಯ ಅವ್ವ ಹೊತ್ತ ನೀರು ಬೇಡವೆಂದರು, ಸಂಜೆಗೆ ಎಲ್ಲ ಮನೆಯವರೂ ಬೇಡವೆಂದರು. ಮೂರನೆಯ ದಿನ ಅವಳನ್ನು ಬಾವಿಯ ಮೆಟ್ಟಿಲನ್ನೇ ಇಳಿಯದಂತೆ ತಡೆದರು. ತನ್ನ ಮನೆಗೆ ಒಂದು ಕೊಡ ತುಂಬಿಕೊಳ್ಳಲೂ ಬಿಡಲಿಲ್ಲ. ಮೆಟ್ಟಿಲು ಮುಚ್ಚುವ ಮಾತು ಯಾರೂ ಎತ್ತಲಿಲ್ಲ. ಹುಣ್ಣಿಮೆಗೆ ಬರುವ ಮಂದಿ ಕಾಲು ತೊಳೆಯುವುದು ಎಲ್ಲಿ?

ಮಾಸ್ತರರು ಅವಳ ಗುಡಿಸಲಿಗೆ ಹೋದರು, ನಾನೂ ಹೋದೆ. ಅವಳು ಕಾಲು ಚಾಚಿ ಕೂತಿದ್ದಳು, ಕಡ್ಡಿಗೆ ಹುಳ ಸುತ್ತಿತ್ತು. ಮಾಸ್ತರರು ತಪ್ಪಾಯಿತು ಎಂದರು. ಅವಳು ಬೈಯಲಿಲ್ಲ.

"ನನ್ನ ಮಗಳು ಸುಳ್ಳು ಬರದಿಲ್ರಿ ಮಾಸ್ತರ. ಉರೀತೈತಿ, ನೀರಾಗ ಇಟ್ರ ಜೀವಕ್ಕ ಹಿತ ಅನಸ್ತೈತಿ. ಖರೇನ ಐತಿ. ನಾಳಿ ನೀರು ಎಲ್ಲಿಂದ ತರ್ಲಿ, ಅದನ್ನಷ್ಟ ಬರದು ಕೊಡ್ರಿ."

ಹರಿಜನ ಕೇರಿಯವರು ತಮ್ಮ ಬಾವಿಯಿಂದ ಒಯ್ಯಿ ಎಂದರಂತೆ. ಒಯ್ದರೆ ಅವಳ ಜಾತಿಯವರು ಅವಳನ್ನು ಒಳಗೆ ಸೇರಿಸುತ್ತಿರಲಿಲ್ಲ. ಊರಲ್ಲಿ ಇದ್ದ ಒಂದೇ ಒಳ್ಳೆಯ ನೀರು ಅವಳಿಗೆ ದಕ್ಕದ ನೀರು. ಮಾಸ್ತರರು ತಮ್ಮ ಮನೆಯ ಹಂಡೆಯಿಂದ ದಿನಕ್ಕೊಂದು ಕೊಡ ತಾವೇ ಹೊತ್ತು ಕೊಟ್ಟುಬಂದರು. ಮನೆಯ ಮಾಲಕರು ಮೂರು ದಿನ ನೋಡಿ, ನಾಲ್ಕನೆಯ ದಿನ ಬೇರೆ ಮನೆ ನೋಡಿಕೊಳ್ಳಿ ಎಂದರು.

ಆಮೇಲೆ ಅವರು ಮಾಡಿದ್ದು, ತಮಗೆ ಬರುತ್ತಿದ್ದ ಒಂದೇ ಕೆಲಸ. ವಿವರಿಸುವುದು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆ ಮನೆ ಹತ್ತಿದರು. ಇವತ್ತು ನಿಮ್ಮ ಕಾಲಲ್ಲಿ ಇರುವುದು ಹೋದ ವರ್ಷ ಕುಡಿದ ನೀರಿನದು, ಹೋದ ವರ್ಷ ಅವಳ ಕಾಲಿಗೆ ಹುಣ್ಣೇ ಇರಲಿಲ್ಲ, ಅವಳಿಗೆ ಬಂದದ್ದೂ ನಿಮ್ಮ ಬಾವಿಯಿಂದಲೇ, ಎಂದು ಬೆರಳು ಮಡಚಿ ಮಡಚಿ ಲೆಕ್ಕ ತೋರಿಸಿದರು. ಗೌಡರ ಪಡಸಾಲೆಯಲ್ಲಿ ಒಂದು ತಾಸು ಮಾತಾಡಿದರು. ಗೌಡರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ಚಹಾ ತರಿಸಿದರು. ಆಮೇಲೆ ಹೇಳಿದರು:

"ನಮಗ ತಿಳದಿಲ್ಲಂತ ತಿಳ್ಕೊಬ್ಯಾಡ್ರಿ ಮಾಸ್ತರ. ಛಲೋ ತಿಳದೈತಿ. ನಿಮ್ಮ ಹುಡುಗೂರು ಅಷ್ಟು ಚೆಂದ ಹೇಳ್ಯಾವ. ತಿಳದ ಮ್ಯಾಲೇನ ಆಕೀನ್ನ ಬಿಡಿಸೀವಿ."

ಹೊರಗೆ ಬಂದ ಮೇಲೆ ಮಾಸ್ತರರು ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಸಾಲಿಯ ತನಕ ಬರಿಗಾಲಲ್ಲಿ ನಡೆದರು.

ಇನ್ನೊಂದು ಪುಸ್ತಕ ಮಾಡಿಸಿದರು. ಇದು ಅವಸರದ್ದು. ಇಟ್ಟಂಗಿಯ ಕೆಂಪು ನೀರಲ್ಲಿ ಕಾಲು ಅದ್ದಿ ಹಾಳೆಯ ಮೇಲೆ ಒತ್ತುವುದು. ಮೊದಲ ಪುಟಕ್ಕೆ ತಮ್ಮ ಕಾಲು, ಎರಡನೆಯದಕ್ಕೆ ನನ್ನದು, ಆಮೇಲೆ ಒಂದೊಂದು ಮಗುವಿನದು. ಎಲ್ಲದರ ಕೆಳಗೂ ಒಂದೇ ಸಾಲು: 'ಈ ಕಾಲು ಬಾವಿಗೆ ಇಳಿಯುತ್ತದೆ.' ಯಾವ ಕಾಲಿಗೂ ಹುಣ್ಣು ಬರಬಹುದು, ತಪ್ಪು ಮೆಟ್ಟಿಲಿನದು ಎಂದು ತೋರಿಸಬೇಕಾಗಿತ್ತು ಅವರಿಗೆ. ಆದರೆ ಹಾಳೆ ತುಂಬುವ ಮೊದಲೇ ಮನೆಯವರು ಮಕ್ಕಳನ್ನು ಆ ಕೆಲಸದಿಂದ ಬಿಡಿಸಿಕೊಂಡರು. ಓದುವ ದಿನ ಕಟ್ಟೆಗೆ ಬಂದವನು ಕಂಬಾರ ಒಬ್ಬನೇ. ಅವನೊಬ್ಬನಿಗೇ ಮಾಸ್ತರರು ಇಡೀ ಪುಸ್ತಕ ಓದಿದರು, ಒಂದು ಪುಟವನ್ನೂ ಬಿಡದೆ. ಓದುತ್ತ ಅವರ ದನಿ ಏರುತ್ತ ಹೋಯಿತು, ಕಟ್ಟೆ ತುಂಬಿದ ಮಂದಿಗೆ ಹೇಳುವಂತೆ. ಕಂಬಾರ ತಲೆ ತಗ್ಗಿಸಿ ಕೇಳಿದ. ಕೊನೆಗೆ ಎದ್ದು, "ಮಾಸ್ತರ, ಹಳಿ ಆರೇತ್ರಿ," ಎಂದು ಹೇಳಿ ಹೋದ. ಈ ಸಲ ಯಾರೂ ನಗಲಿಲ್ಲ.

ತಾಯಿ ಮಗಳು ಊರು ಬಿಟ್ಟರು. ಉಗರಗೋಳದಲ್ಲಿ ಗುಡ್ಡದ ಮಂದಿಗೆ ಊಟ ಹಾಕುವ ಒಂದು ಖಾನಾವಳಿಯ ಹಿತ್ತಲಲ್ಲಿ ಅವರಿಗೆ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಮಾಸ್ತರರು ಪ್ರತಿ ರವಿವಾರ ನಡೆದು ಅಲ್ಲಿಗೆ ಹೋಗತೊಡಗಿದರು. ಅಲ್ಲಿಯ ಸಾಲಿಯ ಹೆಡ್‌ಮಾಸ್ತರರಿಗೆ ಹೇಳಿ ಹುಡುಗಿಯ ಹೆಸರು ಹಚ್ಚಿಸಿದರು. ಅವಳು ಹೋಗಲಿಲ್ಲ. ಮತ್ತೆ ಹೇಳಿದರು, ಮತ್ತೆ ಹೋಗಲಿಲ್ಲ. ಬಣ್ಣ ಒಯ್ದುಕೊಟ್ಟರು, ಹೊಸ ಹಾಳೆ ಒಯ್ದುಕೊಟ್ಟರು. ಒಂದು ಮಗು ಮತ್ತೆ ಸಾಲಿಗೆ ಬರುವುದು ಬಿಟ್ಟರೆ ಅವರಿಗೆ ಜಗತ್ತಿನಲ್ಲಿ ಬೇರೆ ಏನೂ ಉಳಿದಿರಲಿಲ್ಲ. ಸಾಲಿಯಲ್ಲಿ ಪಾಠದ ನಡುವೆ ಮಾತು ನಿಲ್ಲಿಸಿ, "ಈ ರವಿವಾರ ಬರತಾಳ, ನೋಡು," ಎನ್ನುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ.

ಒಂದು ರವಿವಾರ ನಾನೂ ಜೊತೆಗೆ ಹೋದೆ. ಅವಳ ಅವ್ವನ ಕಾಲಿನ ಹುಳ ಹರಿದುಹೋಗಿತ್ತು. ಮೊಣಕಾಲು ಮಡಚಲು ಬಾರದೆ ಗೋಡೆಗೆ ಒರಗಿ ಕೂತಿದ್ದಳು. ಹುಡುಗಿ ಬೂದಿ ಹಚ್ಚಿ ಹಿತ್ತಾಳೆಯ ಗಂಗಾಳ ತಿಕ್ಕುತ್ತಿದ್ದಳು. ಹಿಂದಿನ ವಾರದ ಹಾಳೆಗಳು ಮಡಚಿದಂತೆಯೇ ಕಿಟಕಿಯಲ್ಲಿದ್ದವು. ಮಾಸ್ತರರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಇಲ್ಲಿ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ, ಇಲ್ಲಿಯ ಮಾಸ್ತರರು ಒಳ್ಳೆಯವರು, ನಾಲ್ಕನೆಯ ಇಯತ್ತೆ ಒಂದು ಮುಗಿಸು ಸಾಕು. ಅವಳು ಗಂಗಾಳ ತಿರುಗಿಸಿ ತಿಕ್ಕಿದಳು, ತೊಳೆದಳು, ಕವುಚಿ ಹಾಕಿದಳು. ಆಮೇಲೆ ತಲೆಯೆತ್ತದೆ ಕೇಳಿದಳು.

"ನಾ ಕಂಡದ್ದನ್ನ ಹೇಳಿದ್ನೆಲ್ರಿ ಗುರುಗಳ. ಹಂಗಾದ್ರ ಯಾಕ್ರಿ?"

ಮಾಸ್ತರರು ಎದ್ದು ನಿಂತರು. ಹಿತ್ತಲ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಆ ಗೋಡೆಯ ಕಡೆ ಮುಖ ತಿರುಗಿಸಿದರು. ಈ ಸಲ ಉತ್ತರ ಹೇಳಬೇಕಾದವರು ಅವರೇ. ಬೆನ್ನು ಅಲುಗುತ್ತಿತ್ತು. ಹಾಗೆಯೇ ನಿಂತು, ಗೋಡೆಗೆ ಹೇಳಿದರು:

"ಗೊತ್ತಿಲ್ಲವಾ. ನೋಡಿ ಹೇಳತೇನಿ."

ಜೂನ್ ತಿಂಗಳಲ್ಲಿ ನಾನು ಕಾಲೇಜು ಸೇರಲು ಧಾರವಾಡಕ್ಕೆ ಹೊರಟೆ. ಅವರನ್ನು ಆ ಊರಲ್ಲಿ ಒಬ್ಬರನ್ನೇ ಬಿಟ್ಟು ಹೋಗುತ್ತಿದ್ದೇನೆಂದು ಅಂದು ಅನ್ನಿಸಿತೇ? ಡೈರಿಯಲ್ಲಿ ಬಸ್ಸಿನ ವೇಳೆ ಇದೆ, ಹೊಸ ಟ್ರಂಕಿನ ಬಣ್ಣ ಇದೆ. ಆ ವರ್ಷವೇ ಅವರಿಗೂ ರಾಮದುರ್ಗದ ಕಡೆಗೆ ಬದಲಿಯಾಯಿತೆಂದು ಆಮೇಲೆ ಕೇಳಿದೆ. ಮುಂದಿನ ಬೇಸಿಗೆಯಲ್ಲಿ ಆ ಊರ ಕಟ್ಟೆಗಳ ಮೇಲೆ ಮತ್ತೆ ಕಡ್ಡಿ ಕಟ್ಟಿಕೊಂಡು ಕೂತಿದ್ದರಂತೆ. ಅವಳು ಹೋದ ವರ್ಷ ಇಳಿದ ಪಾಪ ಎಂದು ಅಂದರಂತೆ.

ಏಕೀಕರಣವಾದ ವರ್ಷ ಏನೋ ಕೆಲಸಕ್ಕೆ ರಾಮದುರ್ಗಕ್ಕೆ ಹೋದವನು ಅವರ ಸಾಲಿ ಹುಡುಕಿಕೊಂಡು ಹೋದೆ. ದೂರದಿಂದಲೇ ಮಗ್ಗಿ ಕೇಳಿಸುತ್ತಿತ್ತು, ಅರವತ್ತು ಮಕ್ಕಳು ಒಂದೇ ರಾಗದಲ್ಲಿ. ಮಗ್ಗಿ ಮುಗಿದರೆ ಪದ್ಯ, ಪದ್ಯ ಮುಗಿದರೆ ಜಿಲ್ಲೆ-ತಾಲೂಕುಗಳ ಹೆಸರು. ಅವರು ಮಕ್ಕಳ ಕಡೆ ಮುಖಮಾಡಿ ಕುರ್ಚಿಯ ಮೇಲೆ ಕೂತಿದ್ದರು, ಕೈಯಲ್ಲಿ ಬೆತ್ತ. ಗೋಡೆಯ ಮೇಲೆ ಒಂದು ಚಿತ್ರವಿಲ್ಲ. ಹೊರಗೆ ಬಂದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಪುಸ್ತಕ ಬಿಟ್ಟಿರೇನು ಎಂದು.

ಅವರು ಬಳಪದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. "ಬಾಯಿಪಾಠದಿಂದ ಯಾರ ನೀರೂ ನಿಲ್ಲೂದಿಲ್ಲ ತಮ್ಮಾ," ಎಂದರು.

ಬಸ್ಸಿನ ತನಕ ಕಳಿಸಲು ಬಂದರು. ರಾಮದುರ್ಗದಿಂದಲೂ ಹುಣ್ಣಿಮೆಗೊಮ್ಮೆ ಉಗರಗೋಳಕ್ಕೆ ಹೋಗುತ್ತಿದ್ದುದನ್ನು, ಎರಡು ವರ್ಷದ ಕೆಳಗೆ ಹೋದಾಗ ಆ ಹಿತ್ತಲಲ್ಲಿ ಬೇರೆ ಯಾರೋ ಪಾತ್ರೆ ತಿಕ್ಕುತ್ತಿದ್ದುದನ್ನು ಹೇಳಿದರು. ತಾಯಿ ತೀರಿಕೊಂಡಳೆಂದು ಒಬ್ಬರು, ಇಬ್ಬರೂ ಮುನವಳ್ಳಿಗೆ ಹೋದರೆಂದು ಇನ್ನೊಬ್ಬರು. ನಾನು ದೊಡ್ಡ ಹಾಳೆಯ ಮಾತು ತೆಗೆಯುತ್ತೇನೆಂದು ನನಗೆ ನಾನೇ ಹೇಳಿಕೊಳ್ಳುತ್ತ ನಿಂತಿದ್ದೆ. ತೆಗೆಯಲಿಲ್ಲ. ಬಸ್ಸು ಹೊರಟಾಗ ಅವರು ಕಿಟಕಿಗೆ ಕೈ ಹಚ್ಚಿ ಎರಡು ಹೆಜ್ಜೆ ಜೊತೆಗೆ ನಡೆದರು.

"ನೀ ಅತ್ತಾಗ ಅಡ್ಡಾಡತಿ. ಆಕಿ ಎಲ್ಲ್ಯಾರ ಸಿಕ್ರ ಹೇಳು. ಇನ್ನೂ ಗೊತ್ತಾಗಿಲ್ಲಂತ ಹೇಳು."

ಅದೇ ಕೊನೆಯ ಭೇಟಿ.

ಕಾರ್ಡು ಬಂದ ಮುಂದಿನ ರವಿವಾರ ನಾನು ಉಗರಗೋಳಕ್ಕೆ ಹೋದೆ. ಹುಣ್ಣಿಮೆ ಹತ್ತಿರವಿತ್ತು, ಖಾನಾವಳಿಗಳಲ್ಲಿ ಮಂದಿ. ಒಂದರಲ್ಲಿ ಊಟಕ್ಕೆ ಕೂತೆ. ಹಿತ್ತಲ ಕಡೆಯಿಂದ ಯಾರೋ ಹೆಂಗಸು ಕೊಡ ಹೊತ್ತು ಬಂದು ಹಂಡೆಗೆ ನೀರು ಸುರಿದು ಹೋದಳು. ನಾನು ತಟ್ಟೆಯ ಮೇಲೆ ಬಾಗಿದ್ದೆ, ಮುಖ ಕಾಣಲಿಲ್ಲ. ಕಲ್ಲುಹಾಸಿನ ಮೇಲೆ ಒದ್ದೆ ಹೆಜ್ಜೆ ಉಳಿದವು. ಎದ್ದು ಹೋಗಿ ನೋಡಿದೆ. ಐದೂ ಬೆರಳು ಇದ್ದವು. ಇರಲೇಬೇಕಲ್ಲ, ಆ ಬೆರಳು ತಾಯಿಯದು. ಮಗಳ ಕಾಲು ಹೇಗಿತ್ತೆಂದು ನಾನು ಎಂದೂ ನೋಡಿರಲಿಲ್ಲ.

ರೊಕ್ಕದ ಗಲ್ಲೆಯ ಮೇಲೆ ಕೂತಿದ್ದವನು ನಾನು ನೆಲ ನೋಡುತ್ತಿರುವುದನ್ನು ಕಂಡು, ಏನಾದರೂ ಬಿತ್ತೇ ಎಂದು ಕೇಳಿದ. ಅವಳು ಯಾರು ಎಂದು ಅವನನ್ನು ಕೇಳಬಹುದಾಗಿತ್ತು. ನೋಡುತ್ತಿದ್ದಂತೆಯೇ ಬಿಸಿಲಿಗೆ ಒಂದೊಂದೇ ಹೆಜ್ಜೆ ಆರಿದವು, ಮೊದಲು ಬೆರಳು, ಆಮೇಲೆ ಹಿಮ್ಮಡಿ. ಏನೂ ಬಿದ್ದಿಲ್ಲ ಎಂದು ಹೇಳಿ ಹೊರಗೆ ಬಂದೆ.